ಎರಡರಿಂದ ಹತ್ತು, ಹತ್ತರಿಂದ ಮೂರು

ಧಾರವಾಡದಿಂದ ಬೆಳಗಾವಿಯ ದಾರಿ ಹಿಡಿದು ಮೂವತ್ತು ಕಿಲೋಮೀಟರ್ ಆಸುಪಾಸು ಹೋದರೆ ಚನ್ನಮ್ಮನ ಕಿತ್ತೂರು. ಭಾರತದ ಹಳ್ಳಿಗಳಿಗೆ ದೂರವಾಣಿ ಬಂದ ಕಥೆಯಲ್ಲಿ ಈ ಊರಿನದು ದೊಡ್ಡ ಪಾಲು. ನಮ್ಮ ಕಡೆಯವರೇ ಅದನ್ನು ನೆನೆಯುವುದು ಕಡಿಮೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ಹಳ್ಳಿಗೆಂದೇ ಒಂದು ಪುಟ್ಟ ಸ್ವಯಂಚಾಲಿತ ಎಕ್ಸ್‌ಚೇಂಜ್ ರೂಪಿಸಿತು. 128 ಪೋರ್ಟುಗಳ ಆ ಯಂತ್ರಕ್ಕೆ ಎಸಿ ಕೋಣೆ ಬೇಕಿರಲಿಲ್ಲ, ನಮ್ಮ ಬಿಸಿಲು ಧೂಳುಗಳನ್ನು ಅದು ತಾಳಿಕೊಳ್ಳುತ್ತಿತ್ತು. ದೇಶದಲ್ಲಿ ಅದು ಮೊಟ್ಟಮೊದಲು ಕೆಲಸ ಶುರು ಮಾಡಿದ್ದು 1986ರ ಜುಲೈನಲ್ಲಿ, ಕಿತ್ತೂರಿನಲ್ಲಿ.

ಹೀಗೆ ಹೊಸ ಯಂತ್ರ ಧಾರವಾಡ ಜಿಲ್ಲೆಯ ಮಗ್ಗುಲಿಗೇ ಬಂದು ನಿಂತಿತ್ತು. ಆದರೂ ನವಲಗುಂದದ ಹೊಲದಲ್ಲಿ ನಿಂತ ರೈತನ ಕಿಸೆಗೆ ಫೋನ್ ಬಂದು ಕೂರಲು ಇನ್ನೂ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಡಿಯಿತು. ಯಂತ್ರಕ್ಕೆ ಕೊರತೆ ಇರಲಿಲ್ಲ. ಮಾರುವವನು ಒಬ್ಬನೇ ಇದ್ದ, ಅದು ಕೊರತೆ. ಆಗ ದೂರಸಂಪರ್ಕ ಇಲಾಖೆಯೊಂದೇ ಫೋನ್ ಕೊಡಬೇಕು. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕು. ಊರಿಗೊಂದು ಸಾರ್ವಜನಿಕ ಫೋನ್ ಇಡುವ ಯೋಜನೆಯಡಿ ಎಷ್ಟೋ ಪಂಚಾಯ್ತಿಗಳಿಗೆ ರೇಡಿಯೊ ಮೂಲಕ ನಡೆಯುವ ಸೆಟ್ಟುಗಳು ಬಂದವು. ಅವುಗಳಲ್ಲಿ ಬಹಳಷ್ಟು ಬೇಗನೆ ಕೈಕೊಟ್ಟವು, ಮುಂದೆ ಬೇರೆ ತಂತ್ರಜ್ಞಾನ ತಂದು ಅವನ್ನು ಬದಲಿಸಬೇಕಾಯಿತು.

ಆ ಕಾಲಕ್ಕೆ ಜನರ ಫೋನ್ ಎಂದರೆ ಬಸ್ ನಿಲ್ದಾಣದ ಬಳಿಯ ಎಸ್‌ಟಿಡಿ ಬೂತು. ಒಂದೇ ಜಿಲ್ಲೆಯೊಳಗೆ ಹುಬ್ಬಳ್ಳಿ–ಧಾರವಾಡಕ್ಕೆ 0836, ನವಲಗುಂದಕ್ಕೆ 08380, ಕಲಘಟಗಿಗೆ 08370, ಕುಂದಗೋಳಕ್ಕೆ 08304. ದೂರ ಹೆಚ್ಚಿದಷ್ಟೂ ಬೂತಿನ ಮೀಟರ್ ಜೋರಾಗಿ ಓಡುತ್ತಿತ್ತು. ರಾತ್ರಿ ಹೊತ್ತಾದ ಮೇಲೆ ಕಾಲು ದರ. ಹಾಗಾಗಿ ಉಂಡು ಮುಗಿಸಿ ಬೂತಿನ ಮುಂದೆ ಸರದಿ ಹಿಡಿಯುವವರೇ ಹೆಚ್ಚು. ಈ ಭಾಗದಿಂದ ದುಡಿಯಲು ಗೋವಾಕ್ಕೆ ಹೋಗುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ವಾಸ್ಕೊದಲ್ಲಿ ಗೌಂಡಿ ಕೆಲಸಕ್ಕೆ ಹೋದ ಮಗನ ಸುದ್ದಿ ತಾಯಿಗೆ ತಿಳಿಯಬೇಕಾದರೆ, ಆತ ಬೂತಿನವರಿಗೆ ಹೇಳಿ, ಬೂತಿನವರು ಮನೆಗೆ ಹುಡುಗನನ್ನು ಓಡಿಸಿ, ಆಕೆ ಬಂದು ಕೂತು, ಮಗ ಮತ್ತೆ ಫೋನ್ ಹಚ್ಚುವವರೆಗೆ ಕಾಯಬೇಕು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರಿಗೆ ಮಾಡಿದ ಕರೆ ದೇಶದ ಮೊದಲ ಮೊಬೈಲ್ ಕರೆ. ಆಗಿನ ದರ ನಿಮಿಷಕ್ಕೆ ಹದಿನಾರು ರೂಪಾಯಿಯವರೆಗೂ ಇತ್ತು. ಬಂದ ಕರೆಯನ್ನು ಎತ್ತಿದರೂ ದುಡ್ಡು ಕೊಡಬೇಕು. ದೇಶವನ್ನು ಸರ್ಕಲ್‌ಗಳಾಗಿ ಹಂಚಿ, ಒಂದೊಂದಕ್ಕೂ ಇಬ್ಬರಿಗೆ ಮಾತ್ರ ಪರವಾನಗಿ ಕೊಡಲಾಯಿತು. ಕರ್ನಾಟಕದಲ್ಲಿ ಆ ಇಬ್ಬರು ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್. ಜೆಟಿಯನ್ನು 1999ರಲ್ಲಿ ಭಾರ್ತಿ ಕೊಂಡಿತು, ಅದೇ ನಮ್ಮಲ್ಲಿ ಏರ್‌ಟೆಲ್ ಆಯಿತು.

ಇಬ್ಬರಿದ್ದರೂ ದರ ಇಳಿಯಲಿಲ್ಲ. ಕಾರಣ ಸ್ಪಷ್ಟ. ಹರಾಜಿನಲ್ಲಿ ಕೈಮೀರಿ ಕೂಗಿ ಪರವಾನಗಿ ಹಿಡಿದವರು, ವರ್ಷವರ್ಷ ಕಟ್ಟಬೇಕಾದ ನಿಗದಿತ ಶುಲ್ಕದ ಭಾರದಲ್ಲಿ ಸಿಕ್ಕಿದ್ದರು. ಇಬ್ಬರೂ ಹುಡುಕಿದ್ದು ದುಡ್ಡಿದ್ದ ಗಿರಾಕಿಯನ್ನೇ. ಹುಬ್ಬಳ್ಳಿಯ ವ್ಯಾಪಾರಿ, ವೈದ್ಯ, ಗುತ್ತಿಗೆದಾರ ಸಿಕ್ಕರೆ ಸಾಕಿತ್ತು, ಅಣ್ಣಿಗೇರಿಯ ಕಡಲೆ ಬೆಳೆಗಾರ ಅವರ ಲೆಕ್ಕದಲ್ಲೇ ಇರಲಿಲ್ಲ. 1999ರ ಹೊಸ ದೂರಸಂಪರ್ಕ ನೀತಿಯೇ ಬರೆದುಕೊಂಡಂತೆ ಆಗ ದೇಶದ ಹಳ್ಳಿಗಳಲ್ಲಿ ನೂರು ಜನರಿಗೆ ಇದ್ದ ಫೋನ್ 0.4. ಅದನ್ನು 2010ರ ಹೊತ್ತಿಗೆ 4ಕ್ಕೆ ಏರಿಸಬೇಕು ಎಂಬುದು ಸರ್ಕಾರದ ಗುರಿ. ಮುಂದೆ 2012ರ ನೀತಿಯನ್ನು ಬರೆಯುವಾಗ ಅದೇ ಅಂಕಿ 39ರ ಆಸುಪಾಸಿನಲ್ಲಿತ್ತು. ಗುರಿಯನ್ನು ಇಷ್ಟು ದೂರ ಹಿಂದೆ ಹಾಕಿದ ಸರ್ಕಾರಿ ಯೋಜನೆ ನಮ್ಮಲ್ಲಿ ಇನ್ನೊಂದಿಲ್ಲವೇನೋ. ಈ ನಡುವಿನ ಹನ್ನೆರಡು ಹದಿಮೂರು ವರ್ಷಗಳಲ್ಲಿ ಏನಾಯಿತು ಎಂಬುದೇ ನನ್ನ ಕಥೆ.

ಮೊದಲ ಬದಲಾವಣೆ ಆ 1999ರ ನೀತಿಯಲ್ಲೇ ಇತ್ತು. ನಿಗದಿತ ಶುಲ್ಕ ಹೋಗಿ, ಗಳಿಕೆಯಲ್ಲಿ ಪಾಲು ಕೊಡುವ ಪದ್ಧತಿ ಬಂತು. ಗಿರಾಕಿಗಳು ಹೆಚ್ಚಿದರೆ ಮಾತ್ರ ಲಾಭ ಎಂಬ ಸ್ಥಿತಿ ಹುಟ್ಟಿತು. ಎರಡನೆಯದು ಮೂರನೆಯವನ, ನಾಲ್ಕನೆಯವನ ಪ್ರವೇಶ. 2000ದ ಅಕ್ಟೋಬರ್ 1ರಂದು ಹುಟ್ಟಿದ ಬಿಎಸ್‌ಎನ್‌ಎಲ್, 2002ರ ಅಕ್ಟೋಬರ್‌ನಲ್ಲಿ ಮೊಬೈಲ್ ಸೇವೆಗೆ ಇಳಿಯಿತು. ಅದೇ ವರ್ಷ ಕರ್ನಾಟಕಕ್ಕೆ ಹಚ್ ಬಂತು. ಡಿಸೆಂಬರ್‌ನಲ್ಲಿ ರಿಲಯನ್ಸ್ ತನ್ನ ಸಿಡಿಎಂಎ ಜಾಲವನ್ನು ಘೋಷಿಸಿ, 2003ರ ಮಳೆಗಾಲದಲ್ಲಿ 501 ರೂಪಾಯಿ ಕೊಟ್ಟು ಸೆಟ್ ಒಯ್ಯಿರಿ ಎಂದಿತು. ಆ ಸೆಟ್ಟಿಗೆ ಬೇರೆ ಸಿಮ್ ಹಾಕಲು ಬರುತ್ತಿರಲಿಲ್ಲ, ಕಂತು ಕಟ್ಟಲಾಗದೆ ಬಿಟ್ಟವರೂ ಬಹಳ. ಆದರೆ ಕಿಸೆಯಲ್ಲಿ ಫೋನ್ ಇಟ್ಟುಕೊಳ್ಳುವುದು ಸಾಹುಕಾರರಿಗಷ್ಟೇ ಎಂಬ ನಂಬಿಕೆ ಆ ಮಳೆಗಾಲದಲ್ಲಿ ಮುರಿಯಿತು.

ಇದೇ ಹೊತ್ತಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮಾಡಿದ ಒಂದು ತೀರ್ಮಾನವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. 2003ರ ಮೇ 1ರಿಂದ ಬರುವ ಕರೆಗೆ ದುಡ್ಡು ಇಲ್ಲ, ಮಾಡಿದವರೇ ಕೊಡಬೇಕು ಎಂಬ ನಿಯಮ ಬಂತು. ಇದರಿಂದ ಕೂಲಿಕಾರನೂ ಫೋನ್ ಇಟ್ಟುಕೊಳ್ಳಬಹುದಾಯಿತು. ಕರೆ ಮಾಡಲು ಕರೆನ್ಸಿ ಇಲ್ಲದಿದ್ದರೂ, ಅವನನ್ನು ಕೆಲಸಕ್ಕೆ ಕರೆಯುವವರಿಗೆ ಅವನು ಸಿಗುತ್ತಾನೆ. ‘ಮಿಸ್ ಕಾಲ್ ಕೊಡ್ರಿ ಅಣ್ಣಾರ, ನಾನ ಹಚ್ಚತೀನಿ’ ಎಂಬ ಮಾತು ಹೊಲಮನೆಗಳಲ್ಲಿ ಹುಟ್ಟಿದ್ದು ಹೀಗೆ. ಎರಡು ಸಲ ರಿಂಗ್ ಆದರೆ ಬಸ್ ಹತ್ತಿದೆ, ಮೂರು ಸಲ ಆದರೆ ಮುಟ್ಟಿದೆ ಎಂದು ಮನೆಮಂದಿ ತಮ್ಮತಮ್ಮಲ್ಲೇ ಗುರುತು ಮಾಡಿಕೊಂಡರು. ಇದನ್ನು ಜುಗ್ಗತನ ಎಂದು ನಕ್ಕವರಿದ್ದಾರೆ. ನನಗೆ ಅದು ಬಡವರ ಜಾಣತನವಾಗಿಯೇ ಕಾಣುತ್ತದೆ.

ಹಳ್ಳಿಯ ಪಾಲಿಗೆ ಇಲ್ಲಿ ಒಂದು ಒಳ್ಳೆಯ ಸಂಗತಿ ಅಡಗಿತ್ತು, ಅದನ್ನು ಬಿಡಿಸಿ ನೋಡಬೇಕು. ಮೊಬೈಲ್ ದರ ಇಡೀ ಸರ್ಕಲ್‌ಗೆ ಒಂದೇ. ಬೆಂಗಳೂರಿನ ಗಿರಾಕಿಗಾಗಿ ನಾಲ್ಕು ಕಂಪನಿಗಳು ಬಡಿದಾಡಿ ಇಳಿಸಿದ ದರ ಆ ದಿನವೇ ಕುಂದಗೋಳಕ್ಕೂ ಸಿಗುತ್ತಿತ್ತು. ಕುಂದಗೋಳದಲ್ಲಿ ಸ್ಪರ್ಧೆ ಇರಲಿ ಬಿಡಲಿ, ಪೇಟೆಯ ಸ್ಪರ್ಧೆಯ ಫಲ ಅಲ್ಲಿಗೆ ತಾನಾಗಿ ಹರಿಯಿತು. ಕಲಘಟಗಿಯಿಂದ ಬೀದರಿಗೆ ಮಾಡಿದರೂ ಮೊಬೈಲ್‌ನಲ್ಲಿ ಲೋಕಲ್ ಕರೆ. ಬೂತಿನ ಕಾಲದ ನಾಲ್ಕು ಕೋಡ್‌ಗಳ ಗೋಡೆ ಒಮ್ಮೆಲೇ ಬಿತ್ತು.

ಟವರ್‌ನ ಮಾತು ಹಾಗಲ್ಲ. ದರ ಎಲ್ಲರಿಗೂ ಒಂದೇ ಇರಬಹುದು, ಸಿಗ್ನಲ್ ಮಾತ್ರ ಟವರ್ ನೆಟ್ಟಲ್ಲಿಯೇ. ಕಂಪನಿಗಳು ಮೊದಲು ಹೆದ್ದಾರಿ ಹಿಡಿದು ಬಂದವು, ಆಮೇಲೆ ತಾಲ್ಲೂಕು ಕೇಂದ್ರ, ಆಮೇಲೆ ದೊಡ್ಡ ಊರು. ನವಲಗುಂದ, ಅಣ್ಣಿಗೇರಿಯದು ಎರೆಮಣ್ಣಿನ ಬಯಲು. ಮರ ಕಡಿಮೆ, ಗುಡ್ಡ ಕಡಿಮೆ, ಒಂದು ಟವರ್‌ನ ಅಲೆ ಬಹುದೂರ ಹರಿಯುತ್ತದೆ, ಊರುಗಳೂ ದೊಡ್ಡವು. ಕಲಘಟಗಿಯದು ಮಲೆನಾಡಿನ ಸೆರಗು. ಬೇಡ್ತಿಯ ಕಡೆಗಿನ ತಗ್ಗುದಿಣ್ಣೆಗಳಲ್ಲಿ, ಕಾಡಂಚಿನ ಸಣ್ಣ ಊರುಗಳಲ್ಲಿ, ತಾಂಡಾಗಳಲ್ಲಿ ಅಲೆ ಮುರಿಯುತ್ತದೆ, ಗಿರಾಕಿಗಳೂ ಕಡಿಮೆ. ಅಲ್ಲಿ ಟವರ್ ನೆಡುವ ಖರ್ಚನ್ನು ಒಂದೊಂದು ಕಂಪನಿ ಒಂಟಿಯಾಗಿ ಹೊರಲು ತಯಾರಿರಲಿಲ್ಲ. 2007ರಲ್ಲಿ ಭಾರ್ತಿ, ವೊಡಾಫೋನ್, ಐಡಿಯಾ ಮೂರೂ ಸೇರಿ ಇಂಡಸ್ ಟವರ್ಸ್ ಕಟ್ಟಿದ್ದು ಇದಕ್ಕೇ. ದರದಲ್ಲಿ ಹೋರಾಡುತ್ತಿದ್ದವರು ಕಬ್ಬಿಣದ ಕಂಬವನ್ನು ಹಂಚಿಕೊಂಡರು. ಅದೇ ವರ್ಷ ಕೇಂದ್ರದ ಸಾರ್ವತ್ರಿಕ ಸೇವಾ ನಿಧಿಯಿಂದ ಏಳು ಸಾವಿರಕ್ಕೂ ಮೇಲ್ಪಟ್ಟು ಗ್ರಾಮೀಣ ಟವರ್‌ಗಳಿಗೆ ನೆರವು ಕೊಡುವ ಯೋಜನೆ ಶುರುವಾಯಿತು. ಕಂಪನಿಗಳ ಗಳಿಕೆಯ ಒಂದು ಪಾಲನ್ನು ಎತ್ತಿಟ್ಟು ಕಟ್ಟಿದ ನಿಧಿ ಅದು.

ಸ್ಪರ್ಧೆ ಹೆಚ್ಚಿದರೆ ಕಂಪನಿಗಳು ಹಳ್ಳಿಯನ್ನು ಕೈಬಿಡುತ್ತವೆ, ಒಬ್ಬನೇ ಇದ್ದರೆ ಧೈರ್ಯವಾಗಿ ದುಡ್ಡು ಹಾಕುತ್ತಾನೆ ಎಂಬ ವಾದವನ್ನು ಪಂಡಿತರಿಂದಲೂ ಕೇಳಿದ್ದೇವೆ. ಆಫ್ರಿಕಾದ ರುವಾಂಡಾದಲ್ಲಿ ಬಹುಕಾಲ ಒಂದೇ ದೊಡ್ಡ ಕಂಪನಿಯ ಕಾರುಬಾರು ಇತ್ತು. ಅರ್ಥಶಾಸ್ತ್ರಜ್ಞ ಡೇನಿಯಲ್ ಬ್ಯೋರ್ಕೆಗ್ರೆನ್ ಅಲ್ಲಿನ ಕರೆಗಳ ದಾಖಲೆಗಳನ್ನು ಹಿಡಿದು ಲೆಕ್ಕ ಹಾಕಿದರು. ಇನ್ನೊಬ್ಬ ಸ್ಪರ್ಧಿಯನ್ನು ಮೊದಲೇ ಬಿಟ್ಟಿದ್ದರೆ ದರವೂ ಇಳಿಯುತ್ತಿತ್ತು, ಹಳ್ಳಿಗಳಲ್ಲಿ ಟವರ್ ಕಟ್ಟುವ ಉತ್ಸಾಹವೂ ಹೆಚ್ಚುತ್ತಿತ್ತು ಎಂಬುದು ಅವರಿಗೆ ಸಿಕ್ಕ ಉತ್ತರ. ನವಲಗುಂದದ ಬಯಲು ಆ ಮಾತಿಗೆ ಸಾಕ್ಷಿ ಹೇಳುತ್ತದೆ. ಕಲಘಟಗಿಯ ಕಾಡಂಚು ಸ್ಪರ್ಧೆಯ ಜೊತೆಗೆ ಸರ್ಕಾರದ ಕೈಯೂ ಬೇಕು ಎನ್ನುತ್ತದೆ.

ಇನ್ನು ಸೆಟ್ಟುಗಳ ಕಥೆ. 2003ರಲ್ಲಿ ಬಂದ ನೋಕಿಯಾ 1100ಕ್ಕೆ ತಲೆಯ ಮೇಲೊಂದು ಟಾರ್ಚ್ ಇತ್ತು, ಕೀಲಿಗಳ ಮೇಲೆ ಧೂಳು ಹೋಗದಂಥ ರಬ್ಬರ್ ಹೊದಿಕೆ ಇತ್ತು. ರಾತ್ರಿ ಮೂರು ಫೇಸ್ ಕರೆಂಟ್ ಬಂದಾಗ ಹೊಲಕ್ಕೆ ನೀರು ಹಾಯಿಸಲು ಎದ್ದು ಹೋಗುವವನಿಗೆ ಇದಕ್ಕಿಂತ ಬೇರೆ ಏನು ಬೇಕು? ಜಗತ್ತಿನಲ್ಲಿ 25 ಕೋಟಿ ಮಾರಾಟವಾದ ಆ ಸೆಟ್ಟು ನಮ್ಮ ಊರುಗಳಲ್ಲಿ ಮನೆಯ ಆಸ್ತಿಯಂತೆ ಬಾಳಿತು. ಆದರೆ ನೋಕಿಯಾ ಒಂದು ಕಡೆ ಎಡವಿತು. ತನ್ನ ಜಾಲದೊಳಗಿನ ಕರೆಗೆ ಕಡಿಮೆ ದರ, ಬೇರೆಯವರ ಜಾಲಕ್ಕೆ ಹೆಚ್ಚು ದರ ಎಂದು ಕಂಪನಿಗಳು ಸ್ಕೀಮು ಬಿಟ್ಟಾಗ ಜನ ಎರಡು ಸಿಮ್ ಇಟ್ಟುಕೊಂಡರು. ಗೋವಾಕ್ಕೆ ಹೋಗುವವರಿಗಂತೂ ಎರಡು ಬೇಕೇಬೇಕು. ಗೋವಾ ಮಹಾರಾಷ್ಟ್ರ ಸರ್ಕಲ್‌ಗೆ ಸೇರಿದ್ದು, ಕರ್ನಾಟಕದ ಸಿಮ್ ಅಲ್ಲಿ ರೋಮಿಂಗ್, ಬಂದ ಕರೆಗೂ ದುಡ್ಡು. 2006ರ ಮಾರ್ಚ್ 1ರಿಂದ ಬಿಎಸ್‌ಎನ್‌ಎಲ್ ದೇಶದಲ್ಲಿ ಎಲ್ಲಿಗೆ ಮಾಡಿದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ‘ಒನ್ ಇಂಡಿಯಾ’ ಯೋಜನೆ ತಂದ ಮೇಲೆ ಅಲ್ಲಿಂದ ಊರಿಗೆ ಮಾತಾಡುವುದು ಹಗುರಾಯಿತು. ರೋಮಿಂಗ್ ಕಾಟ ಪೂರ್ತಿ ತೊಲಗಲು 2017 ಬರಬೇಕಾಯಿತು.

ಈ ಎರಡು ಸಿಮ್‌ಗಳ ಹಸಿವನ್ನು ಮೊದಲು ಅರಿತವರು ಚೀನಾದ ತಯಾರಕರು ಮತ್ತು ಮೈಕ್ರೊಮ್ಯಾಕ್ಸ್, ಕಾರ್ಬನ್, ಲಾವಾದಂಥ ನಮ್ಮ ಕಂಪನಿಗಳು. 2008ರಲ್ಲಿ ಮೈಕ್ರೊಮ್ಯಾಕ್ಸ್ ಒಮ್ಮೆ ಚಾರ್ಜ್ ಮಾಡಿದರೆ ತಿಂಗಳು ಬರುವ ಫೋನ್ ಎಂದು ಮಾರಿದ್ದು ಕರೆಂಟ್ ಇಲ್ಲದ ಹಳ್ಳಿಗಳನ್ನು ನೋಡಿಯೇ. ‘ಚೈನಾ ಸೆಟ್’ ಎರಡು ಸಿಮ್ ಹಿಡಿಯುತ್ತಿತ್ತು, ದೊಡ್ಡ ಸ್ಪೀಕರ್ ಇತ್ತು, ಮೆಮೊರಿ ಕಾರ್ಡ್ ಹಾಕಬಹುದಿತ್ತು. ಸಂತೆಯ ದಿನ ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಜಾನಪದ ಗೀತೆ, ಭಜನೆ, ಡೊಳ್ಳಿನ ಪದ ತುಂಬಿಸಿಕೊಂಡು ಹೋದರೆ ಟ್ರ್ಯಾಕ್ಟರ್ ಮೇಲೆ ವಾರವಿಡೀ ಹಾಡು. ನಕಲಿ ಸೆಟ್ಟುಗಳಿಗೆ ಗುರುತಿನ ಐಎಂಇಐ ಸಂಖ್ಯೆಯೇ ಇರಲಿಲ್ಲ. 2009ರ ಕೊನೆಗೆ ಸರ್ಕಾರ ಅಂಥವನ್ನೆಲ್ಲ ಬಂದ್ ಮಾಡಿಸಿತು. ನೋಕಿಯಾ ಎರಡು ಸಿಮ್‌ಗಳ ಸೆಟ್ ತರುವ ಹೊತ್ತಿಗೆ 2010 ಆಗಿತ್ತು. ಅಷ್ಟರಲ್ಲಿ ಹಳ್ಳಿಯ ಗಿರಾಕಿ ಕೈಬಿಟ್ಟು ಹೋಗಿದ್ದ. ಕರೆ ದರದ ಜಗಳ ಸೆಟ್ಟಿನ ರೂಪವನ್ನೇ ಬದಲಿಸಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು.

2008ರ ಜನವರಿಯಲ್ಲಿ ಕೇಂದ್ರ ಸರ್ಕಾರ 122 ಹೊಸ ಪರವಾನಗಿ ಕೊಟ್ಟಿತು. ಹಂಚಿದ ರೀತಿ ತಪ್ಪು, ದೇಶಕ್ಕೆ ಮಾಡಿದ ಅನ್ಯಾಯ. ಸುಪ್ರೀಂ ಕೋರ್ಟ್ 2012ರ ಫೆಬ್ರುವರಿ 2ರಂದು ಅಷ್ಟನ್ನೂ ರದ್ದು ಮಾಡಿತು. ಆದರೆ ಈ ನಾಲ್ಕು ವರ್ಷ ಕರ್ನಾಟಕದಲ್ಲಿ ಪರವಾನಗಿ ಹಿಡಿದವರ ಸಂಖ್ಯೆ ಹತ್ತನ್ನು ದಾಟಿತ್ತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು. ಹತ್ತು ಸೆಕೆಂಡು ಮಾತಾಡಿ ಪೂರಾ ನಿಮಿಷದ ದುಡ್ಡು ಕೊಟ್ಟು ರೂಢಿಯಾದ ಜನಕ್ಕೆ ಇದು ದೊಡ್ಡ ಸಮಾಧಾನ. ಕೆಲವೇ ತಿಂಗಳಲ್ಲಿ ಎಲ್ಲ ದೊಡ್ಡ ಕಂಪನಿಗಳೂ ಅದೇ ದಾರಿಗೆ ಬಂದವು. ಡಿಸೆಂಬರ್‌ನಲ್ಲಿ ಯುನಿನಾರ್ ಬಂತು. 2011ರ ಜನವರಿ 20ರಿಂದ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ಸಿಕ್ಕಿತು, 19 ರೂಪಾಯಿಗೆ ಪೋರ್ಟ್. ತೀರ್ಪಿನ ತರುವಾಯ ಯುನಿನಾರ್ ಕರ್ನಾಟಕವನ್ನೇ ಬಿಟ್ಟುಹೋಯಿತು. ಅದನ್ನು ನಂಬಿದ್ದವರು ಮತ್ತೊಂದು ಸಿಮ್ ಹುಡುಕಬೇಕಾಯಿತು.

ಫೋನ್ ಬಂದ ಮೇಲೆ ರೈತನ ಮಾಲಿಗೆ ಬೆಲೆ ಹೆಚ್ಚಿತೇ? ಕೇರಳದ ಮೀನುಗಾರರ ಬಗ್ಗೆ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ದೋಣಿಯಲ್ಲೇ ಫೋನ್ ಹಚ್ಚಿ ಯಾವ ಬಂದರಿನಲ್ಲಿ ಬೆಲೆ ಇದೆ ಎಂದು ಕೇಳಿಕೊಂಡದ್ದರಿಂದ ಮೀನು ಹಾಳಾಗುವುದು ನಿಂತಿತು, ಬೆಲೆಯ ಏರಿಳಿತ ತಗ್ಗಿತು. ಆದರೆ ಮಹಾರಾಷ್ಟ್ರದ ನೂರು ಹಳ್ಳಿಗಳಲ್ಲಿ ರೈತರಿಗೆ ಎಸ್‌ಎಂಎಸ್‌ನಲ್ಲಿ ಧಾರಣೆ ಕಳಿಸಿ ನೋಡಿದ ಫಾಫ್‌ಶಾಂಪ್ಸ್ ಮತ್ತು ಮಿಂಟನ್ ಅವರಿಗೆ ಸಿಕ್ಕ ಬೆಲೆಯಲ್ಲಿ ಗಣನೀಯ ಹೆಚ್ಚಳ ಕಾಣಲಿಲ್ಲ. ನಮ್ಮ ಹೆಸರು, ಕಡಲೆ, ಹತ್ತಿ, ಮೆಣಸಿನಕಾಯಿಯ ಮಾತು ಈ ಎರಡರ ನಡುವೆ ನಿಲ್ಲುತ್ತದೆ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಧಾರಣೆಯನ್ನು ಕುಂದಗೋಳದ ಮನೆಯಲ್ಲೇ ಕೂತು ತಿಳಿಯಬಹುದು, ನಿಜ. ಆದರೆ ಬಿತ್ತನೆಗೆ ದಲಾಲಿಯಿಂದ ಸಾಲ ತಂದವನು ಮಾಲನ್ನು ಅದೇ ಅಡತಿಗೆ ಒಯ್ಯಬೇಕು. ಅಂಥವನಿಗೆ ಬೆಲೆ ಗೊತ್ತಾದರೂ ಆಯ್ಕೆ ಇಲ್ಲ. ಗೊತ್ತಾದದ್ದರಿಂದ ಮೋಸ ಕಡಿಮೆಯಾಯಿತು ಎನ್ನಬಹುದು, ಅಷ್ಟೂ ಸಣ್ಣದಲ್ಲ. ಇನ್ನು ಧಾರಣೆಯ ಲೆಕ್ಕಕ್ಕೇ ಸಿಗದ ಲಾಭಗಳಿವೆ. ಬೆಣ್ಣೆಹಳ್ಳ ಉಕ್ಕಿ ಬರುತ್ತಿದೆ ಎಂದು ಮೇಲಿನ ಊರಿನವರು ಕೆಳಗಿನ ಊರಿಗೆ ತಿಳಿಸುವ ಕರೆಗೆ ಬೆಲೆ ಕಟ್ಟುವುದು ಹೇಗೆ?

2016ರ ಸೆಪ್ಟೆಂಬರ್ 5ರಂದು ಜಿಯೊ ಬಂತು. ಆರು ತಿಂಗಳಿಗೂ ಮೇಲೆ ಎಲ್ಲವೂ ಪುಕ್ಕಟೆ. ಮರುವರ್ಷ 1,500 ರೂಪಾಯಿ ಠೇವಣಿಗೆ ಬಟನ್ ಇರುವ 4ಜಿ ಜಿಯೊಫೋನ್ ಬಂತು. ಎರಡು ವರ್ಷದ ಹಿಂದೆ ಒಂದು ಜಿಬಿಗೆ ಇನ್ನೂರು ಮುನ್ನೂರು ರೂಪಾಯಿ ಕೊಡುತ್ತಿದ್ದ ನಾಡಿನಲ್ಲಿ ಹಳ್ಳಿಯ ಹುಡುಗ ದಿನಕ್ಕೊಂದು ಜಿಬಿ ನೋಡತೊಡಗಿದ. 3ಜಿಯನ್ನು ಕಾಣದ ಎಷ್ಟೋ ಊರುಗಳು ನೇರ 4ಜಿಗೆ ಹಾರಿದವು. ಆದರೆ ಈ ಹೊಡೆತಕ್ಕೆ ಬೇರೆಯವರು ಉಳಿಯಲಿಲ್ಲ. 2017ರ ಕೊನೆಗೆ ರಿಲಯನ್ಸ್ ಕಮ್ಯುನಿಕೇಷನ್ಸ್ ಕರೆ ಸೇವೆ ನಿಲ್ಲಿಸಿತು, 2018ರಲ್ಲಿ ಏರ್‌ಸೆಲ್ ದಿವಾಳಿ ಎದ್ದಿತು, ಟಾಟಾ ತನ್ನ ಮೊಬೈಲ್ ವ್ಯವಹಾರವನ್ನು ಏರ್‌ಟೆಲ್‌ಗೆ ಒಪ್ಪಿಸಿತು, ವೊಡಾಫೋನ್ ಮತ್ತು ಐಡಿಯಾ 2018ರ ಆಗಸ್ಟ್ 31ರಂದು ಒಂದಾದವು. ಉಳಿದದ್ದು ಮೂರು ಖಾಸಗಿ ಕಂಪನಿ ಮತ್ತು ಸೊರಗಿದ ಬಿಎಸ್‌ಎನ್‌ಎಲ್.

ಅಲ್ಲಿಂದ ದರ ಮೇಲ್ಮುಖ. 2018ರ ಕೊನೆಯಲ್ಲಿ ತಿಂಗಳಿಗೆ ಕನಿಷ್ಠ 35 ರೂಪಾಯಿ ಹಾಕಿಸದಿದ್ದರೆ ಸಿಮ್ ಬಂದ್ ಎಂಬ ಷರತ್ತು ಬಂತು. ಬರೀ ಕರೆ ಎತ್ತಲು ಫೋನ್ ಇಟ್ಟುಕೊಂಡವರ ಕಾಲ ಅಲ್ಲಿಗೆ ಮುಗಿಯಿತು. 2019, 2021, 2024, ಮೂರು ಸಲ ಎಲ್ಲರೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ದರ ಏರಿಸಿದರು. 2024ರ ಜುಲೈನಲ್ಲಿ ಏರ್‌ಟೆಲ್‌ನ 28 ದಿನದ ಅತಿ ಅಗ್ಗದ ಅನ್‌ಲಿಮಿಟೆಡ್ ಪ್ಯಾಕು 179ರಿಂದ 199ಕ್ಕೆ ಹೋಯಿತು. 28 ದಿನ ಎಂದರೆ ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕು, ಅಂದರೆ 2,587 ರೂಪಾಯಿ. ಕಳೆ ತೆಗೆಯಲು ಹೋಗುವ ಅವ್ವ ದಿನಕ್ಕೆ ಎರಡು ಕರೆ ಮಾಡಿದರೂ ಅಷ್ಟೇ, ದಿನವಿಡೀ ವಿಡಿಯೊ ನೋಡುವ ಪೇಟೆಯ ಹುಡುಗನೂ ಸುಮಾರು ಅದೇ ಲೆಕ್ಕದಿಂದ ಶುರು ಮಾಡುತ್ತಾನೆ. ಫೋನ್ ಇಲ್ಲದೆ ಇರೋಣ ಎಂದರೆ ಅದೂ ಆಗದು. ಬ್ಯಾಂಕಿನ ಒಟಿಪಿ, ಬೆಳೆ ಸಮೀಕ್ಷೆಯ ಆ್ಯಪ್, 2023ರ ಆಗಸ್ಟ್‌ನಿಂದ ಬರುವ ಗೃಹಲಕ್ಷ್ಮಿಯ ಎರಡು ಸಾವಿರದ ಸಂದೇಶ, ಎಲ್ಲಕ್ಕೂ ನಂಬರ್ ಜೀವಂತ ಇರಬೇಕು. 2020ರ ಕೊರೊನಾ ಕಾಲದಲ್ಲಿ ಫೋನ್ ಮತ್ತು ನೆಟ್‌ವರ್ಕ್ ಎಲ್ಲ ಮಕ್ಕಳಿಗೂ ಇಲ್ಲವೆಂದೇ ರಾಜ್ಯ ಸರ್ಕಾರ ಶಿಕ್ಷಕರನ್ನು ಓಣಿಗಳಿಗೆ ಕಳಿಸುವ ‘ವಿದ್ಯಾಗಮ’ ನಡೆಸಬೇಕಾಯಿತು.

2024ರ ಡಿಸೆಂಬರ್‌ನಲ್ಲಿ ಟ್ರಾಯ್ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಿ ಎಂದು ಕಂಪನಿಗಳಿಗೆ ಆದೇಶ ಮಾಡಿತು. ಅವು ಕೊಟ್ಟವು, ಆದರೆ ಒಮ್ಮೆಗೇ ನಾಲ್ಕು ನೂರು ದಾಟುವ, ಮೂರು ತಿಂಗಳ ಮೊತ್ತದಲ್ಲಿ. ವಾರದ ಕೂಲಿಯಲ್ಲಿ ಬದುಕುವವರಿಗೆ ಅದು ನೆರವಲ್ಲ. ನಿಯಮ ಬರೆದು ದರ ಇಳಿಸುವುದು ಎಷ್ಟು ಕಷ್ಟ ಎಂಬುದನ್ನು ಇದು ತೋರಿಸುತ್ತದೆ. ಅದೇ ವರ್ಷದ ಜುಲೈನ ಏರಿಕೆಯ ಬೆನ್ನಿಗೆ ದೇಶದಲ್ಲಿ ಲಕ್ಷಗಟ್ಟಲೆ ಜನ ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಮಾಡಿಸಿದರು. ಕೆಲವು ತಿಂಗಳಲ್ಲಿ ಬಹಳ ಮಂದಿ ಹಿಂದಿರುಗಿದರು. ಅಲ್ಲಿ ದರ ಕಡಿಮೆ ಇತ್ತು, ಹೆಚ್ಚಿನ ಕಡೆ 4ಜಿ ಇರಲಿಲ್ಲ.

ಆ ಕೊರತೆ ಈಗ ತುಂಬುತ್ತಿದೆ. ಸಿ-ಡಾಟ್, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಮತ್ತು ಟಿಸಿಎಸ್ ಸೇರಿ ಕಟ್ಟಿದ ದೇಶೀ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್ ಅಧಿಕೃತವಾಗಿ ಶುರು ಮಾಡಿತು. 4ಜಿ ಮುಟ್ಟದ 24,680 ಹಳ್ಳಿಗಳಿಗೆ ಟವರ್ ಹಾಕಲು 2022ರ ಜುಲೈನಲ್ಲೇ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟು, ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿದೆ. ಇಬ್ಬರಿದ್ದಾಗ ಇಳಿಯದ ದರ ನಾಲ್ವರಾದಾಗ ಇಳಿದದ್ದನ್ನೂ, ಮೂವರಾದಾಗ ಮತ್ತೆ ಏರಿದ್ದನ್ನೂ ಕಂಡ ಜಿಲ್ಲೆ ನಮ್ಮದು. ನಾಲ್ಕನೆಯದು ಬದುಕಿ ಉಳಿಯಬೇಕು. ಅದಕ್ಕಾಗಿ ಕಲಘಟಗಿಯ ಕಾಡಂಚಿನ ಊರವರು, ತಾಂಡಾದವರು ಮುಂದಿನ ಗ್ರಾಮಸಭೆಯಲ್ಲಿ ತಮ್ಮ ಊರಿಗೆ ಟವರ್ ಬೇಕೆಂದು ಠರಾವು ಬರೆಸಿ, ಅದರ ಪ್ರತಿಯನ್ನು ಹುಬ್ಬಳ್ಳಿಯ ಬಿಎಸ್‌ಎನ್‌ಎಲ್ ಕಚೇರಿಗೂ ಸಂಸದರಿಗೂ ಮುಟ್ಟಿಸಬೇಕು. ಬಂದ ಟವರ್ ಕೆಟ್ಟು ನಿಂತರೆ ಸುಮ್ಮನಿರದೆ ದೂರು ಕೊಡಬೇಕು.